ಹೆಗಲ ಮೇಲಿನ ಹೊಳೆ

ಹೊಳೆ ನೋಡಲು ಹೋಗೋಣ ಎಂದು ಮೊದಲು ಬಾಯಿಬಿಟ್ಟವಳು ತಸ್ಲೀಮಳೇ. ಯಲ್ಲಾಪುರಕ್ಕೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಅವಳು ಬೇಡ್ತಿ ಹೊಳೆಯನ್ನು ಕಂಡದ್ದು ಶಿರಸಿ ಬಸ್ಸಿನ ಕಿಟಕಿಯಿಂದ, ಅದೂ ಸೇತುವೆ ದಾಟುವಷ್ಟು ಹೊತ್ತು ಮಾತ್ರ. ಗಂಡ ಅಸ್ಲಂ ಲಾರಿ ಓಡಿಸುವವನು. ಹುಬ್ಬಳ್ಳಿಯಿಂದ ಅಂಕೋಲೆಗೆ, ಅಂಕೋಲೆಯಿಂದ ಹುಬ್ಬಳ್ಳಿಗೆ. ಮನೆಯಲ್ಲಿದ್ದ ದಿನ ಬರೀ ನಿದ್ದೆ. ಮಳೆಗಾಲ ಮುಗಿಯುತ್ತ ಬಂದಿದ್ದ ಆ ಭಾನುವಾರ ಲಾರಿ ಗ್ಯಾರೇಜಿನಲ್ಲಿತ್ತು, ಅವನು ಹೊತ್ತು ಹೋಗದೆ ಕೂತಿದ್ದ. ಹೆಂಡತಿ ಕೇಳಿದ್ದೇ ತಡ, ಎದ್ದು ಅಪ್ಪನ ಹಳೆಯ ಓಮ್ನಿ ಒರೆಸತೊಡಗಿದ. ತಸ್ಲೀಮ್ ಕೋಳಿ ಸಾರು, ಅಕ್ಕಿ ರೊಟ್ಟಿ, ಅನ್ನ ಎಲ್ಲ ಟಿಫಿನ್ ಕ್ಯಾರಿಯರಿಗೆ ತುಂಬಿದಳು. ಮಾವ ಅಲ್ಲಾವುದ್ದೀನ್ ಹೆದ್ದಾರಿ ಬದಿಯ ತನ್ನ ಪಂಕ್ಚರ್ ಅಂಗಡಿ ಬಿಟ್ಟು ಬರುವ ಜೀವವಲ್ಲ. ಅತ್ತೆ ಕುಲ್ಸುಮ್ ಕೂಡ ತನಗೆ ಮಂಡಿನೋವು, ನೀವಿಬ್ಬರೇ ಹೋಗಿ ಬನ್ನಿ ಎಂದಳು. ಅಸ್ಲಂ ಬಿಡಲಿಲ್ಲ. ಅಮ್ಮಿಯನ್ನು ಎತ್ತಿಕೊಂಡಾದರೂ ಹೋಗುತ್ತೇನೆ ಎಂದು ನಗಿಸಿ ನಗಿಸಿ ಹೊರಡಿಸಿದ.

ಮಾಗೋಡಿನ ರಸ್ತೆಯಿಂದ ಒಳಗೆ ಇಳಿದರೆ ಹೊಳೆಯ ದಂಡೆಗೆ ಮಂಜನ ಮನೆ. ಮಂಜ ಆ ಮನೆ ಕಟ್ಟಿಸುವಾಗ ಹಂಚು, ಸಿಮೆಂಟು ತಂದು ಹಾಕಿದ್ದು ಅಸ್ಲಂನೇ, ಅಂದಿನಿಂದ ಸ್ನೇಹ. ಮಂಜನ ಗದ್ದೆ ಹೊಳೆಯಾಚೆ. ಹಾಗಾಗಿ ಅವನಲ್ಲೊಂದು ದೋಣಿ ಇತ್ತು. ಅವತ್ತು ಮಂಜ ಮನೆಯಲ್ಲಿರಲಿಲ್ಲ, ಹಿಂದಿನ ತೋಟಕ್ಕೆ ಹೋಗಿದ್ದ. ಅವನ ತಾಯಿ ಸುಬ್ಬಿ ಬಂದವರಿಗೆ ಕುಡಿಯಲು ಮಜ್ಜಿಗೆ ಕೊಟ್ಟಳು. ದೋಣಿಯ ಮಾತು ಬಂದಾಗ, ನಿನ್ನೆ ಮೇಲ್ಗಡೆ ಕಲಘಟಗಿ ಬದಿಗೆ ಮಳೆ ಬಿದ್ದಿದೆಯಂತೆ, ನೀರು ಕೆಂಪಾಗಿದೆ, ಮಂಜ ಬರಲಿ ಎಂದಳು. ಅಸ್ಲಂ ತಲೆಯೆತ್ತಿ ಬಿಸಿಲು ಕಾಯುತ್ತಿದ್ದ ಆಕಾಶ ನೋಡಿದ.

"ಮಳೆಗಾಲದಾಗೆ ಲೋಡ್ ಗಾಡಿ ಅರಬೈಲ್ ಘಾಟಿ ಇಳಿಸ್ತೇನೆ ಸುಬ್ಬಮ್ಮ. ಇದೇನು, ನೀರ ಮೇಲೆ ತೇಲೋ ಮರಿಗೆ," ಎಂದು ಹುಟ್ಟು ತೆಗೆದುಕೊಂಡ.

ಊಟ ಮುಗಿಸಿಯೇ ದೋಣಿ ಹತ್ತಿದರು. ಕುಲ್ಸುಮ್ ಹತ್ತಲು ಹಿಂಜರಿದಾಗ ಅಸ್ಲಂ ಕೈ ಚಾಚಿ, ನಿನ್ನ ಮಗನ ಮೇಲೆ ಅಷ್ಟೂ ಭರವಸೆ ಇಲ್ಲವಾ ಎಂದು ಕೇಳಿದ. ಅವಳು ಆ ಕೈ ಹಿಡಿದು ಹತ್ತಿದಳು.

ನಡುಹೊಳೆ ಮುಟ್ಟುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಕುಲ್ಸುಮ್ ದೋಣಿಯ ಅಂಚು ಹಿಡಿದು ದುವಾ ಹೇಳಿಕೊಳ್ಳುತ್ತಿದ್ದಳು. ತಸ್ಲೀಮ್ ನೀರಿಗೆ ಕೈ ಇಳಿಬಿಟ್ಟಿದ್ದಳು. ದಂಡೆಯಿಂದ ನಿಂತ ಹಾಗೆ ಕಂಡ ನೀರು ಬೆರಳುಗಳನ್ನು ಹಿಡಿದೆಳೆಯುತ್ತಿತ್ತು. ಅವಳಿಗೆ ಆಶ್ಚರ್ಯವಾಗಿ ಕೈ ಮೇಲೆ ತೆಗೆದುಕೊಳ್ಳುವಷ್ಟರಲ್ಲಿ ದೋಣಿಯ ಮೂತಿ ತಾನಾಗಿ ಕೆಳಮುಖಕ್ಕೆ ತಿರುಗಿತು. ಅಸ್ಲಂ ಹುಟ್ಟು ಹಾಕಿದ. ದೋಣಿ ಕೇಳಲಿಲ್ಲ. ಇನ್ನೂ ಜೋರಾಗಿ ಹಾಕಿದ. ಎದುರಿಗೆ ನೀರಿನಡಿ ಒಂದು ಬಂಡೆ ಕಪ್ಪಗೆ ಕಂಡಿತು. ಅದನ್ನು ಹುಟ್ಟಿನಿಂದ ದೂಡಿ ತಪ್ಪಿಸುತ್ತೇನೆಂದು ಅವನು ದೋಣಿಯೊಳಗೆ ಎದ್ದು ನಿಂತ. ಅಷ್ಟೇ. ಆಕಾಶ ಕೆಳಗೆ ಹೋಯಿತು.

ತಸ್ಲೀಮ್ ಮೇಲೆ ಬಂದಾಗ ಅವಳ ದುಪಟ್ಟಾ ನೀರಿಗೆ ಬಾಗಿದ ಹೊಳೆಮತ್ತಿಯ ಕೊಂಬೆಗೆ ಸಿಕ್ಕಿತ್ತು. ಅವಳು ಕೊಂಬೆ ತಬ್ಬಿಕೊಂಡಳು. ಕೆಮ್ಮುತ್ತ ಕಣ್ಣುಬಿಟ್ಟಾಗ ಮಾರುದೂರದಲ್ಲಿ ಅತ್ತೆಯ ತಲೆ ಕಾಣಿಸಿತು, ಅದರ ಪಕ್ಕ ಅಸ್ಲಂನ ತಲೆ. ಸದ್ಯ, ಅಮ್ಮಿಯನ್ನು ಹಿಡಿದುಕೊಂಡರು ಎಂದು ಅವಳಿಗೆ ಜೀವ ಬಂದ ಹಾಗಾಯಿತು. ಅಸ್ಲಂ ಎರಡೂ ಕೈಗಳನ್ನು ತಾಯಿಯ ಹೆಗಲ ಮೇಲಿಟ್ಟ. ಇಟ್ಟು ಒತ್ತಿದ. ಅವನು ಎದೆಯವರೆಗೆ ನೀರಿನಿಂದ ಮೇಲೆ ಬಂದ, ಬಾಯಿ ಅಗಲಿಸಿ ಉಸಿರೆಳೆದ. ಕುಲ್ಸುಮ್ ಕೆಳಗೆ ಹೋದಳು. ಮತ್ತೆ ಅವಳ ಕೂದಲು ಮೇಲೆ ಕಂಡಿತು, ಅವನು ಮತ್ತೆ ಒತ್ತಿದ. ಆಮೇಲೆ ಕಾಲಿನಿಂದ ಅವಳನ್ನೇ ಒದ್ದು ಬಂಡೆಯ ಕಡೆಗೆ ಜಿಗಿದು ಅದನ್ನು ತಬ್ಬಿಕೊಂಡ. ಅವನ ಕಣ್ಣು ತಸ್ಲೀಮಳ ಕಡೆಗೇ ಇತ್ತು, ಆದರೆ ಆ ಕಣ್ಣು ಏನನ್ನೂ ನೋಡುತ್ತಿರಲಿಲ್ಲ.

ಕೂಗಿದ್ದು ದಂಡೆಯಲ್ಲಿದ್ದ ಸುಬ್ಬಿ. ಮಂಜ ತೋಟದಿಂದ ಓಡಿಬಂದ. ಅಡಿಕೆ ಕೊಯ್ಯುವ ಉದ್ದನೆಯ ದೋಟಿ ಅವನ ಕೈಯಲ್ಲೇ ಇತ್ತು. ಎದೆಮಟ್ಟ ನೀರಿಗೆ ಇಳಿದು, ತೇಲಿ ಬರುತ್ತಿದ್ದ ಕುಲ್ಸುಮಳ ಸೀರೆಗೆ ದೋಟಿ ಸಿಕ್ಕಿಸಿ ಎಳೆದ. ದಂಡೆಗೆ ಹಾಕಿ ಮಗ್ಗುಲಿಗೆ ಮಲಗಿಸಿದಾಗ ಅವಳ ಬಾಯಿಂದ ನೀರು, ಮಣ್ಣು, ಆಗಷ್ಟೇ ಉಂಡ ಅನ್ನ ಬಂತು. ಅವಳನ್ನು ಸುಬ್ಬಿಗೆ ಒಪ್ಪಿಸಿ, ದೋಟಿ ಚಾಚಿ ತಸ್ಲೀಮಳನ್ನೂ ಅಸ್ಲಂನನ್ನೂ ದಂಡೆಗೆ ಎಳೆದ. ಅಲ್ಲಿಂದ ಸ್ವಲ್ಪ ಕೆಳಗೆ ಹೊಳೆ ಬಂಡೆಗಳ ನಡುವೆ ನುಗ್ಗುವ ಸದ್ದು ಕೇಳುತ್ತಿತ್ತು. ಅದೇ ನೀರು ಮುಂದೆ ಮಾಗೋಡಿನಲ್ಲಿ ಜಲಪಾತವಾಗಿ ಬೀಳುವುದು.

ಆಸ್ಪತ್ರೆಗೆ ಓಮ್ನಿ ಓಡಿಸಿದ್ದೂ ಮಂಜನೇ. ಅಸ್ಲಂನ ಕೈಗೆ ಕೀಲಿ ಹಿಡಿಯಲು ಬರುತ್ತಿರಲಿಲ್ಲ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ತಾಯಿಯನ್ನು ಎತ್ತಿಕೊಂಡು ಒಳಗೆ ಓಡಿದವನು ಅಸ್ಲಂ. ಅವನ ಮೈಯಿಂದ ನೀರು ಸೋರುತ್ತಿತ್ತು, ಅಲ್ಲಿದ್ದವರೆಲ್ಲ ಅದನ್ನು ನೋಡಿದರು. ನೀನೇ ಎಳೆದು ತಂದೆಯಾ ಎಂದು ಯಾರೋ ಕೇಳಿದರು. ಅವನು ತಲೆ ಅಲ್ಲಾಡಿಸಿದ. ಅದು ಹೌದೋ ಅಲ್ಲವೋ ತಸ್ಲೀಮಳಿಗೇ ತಿಳಿಯಲಿಲ್ಲ. ಊರಿಗೆ ಅಷ್ಟು ಸಾಕಾಯಿತು.

ಎದೆಯಲ್ಲಿ ನೀರು ಸೇರಿದೆಯೆಂದು ಕುಲ್ಸುಮಳನ್ನು ಹುಬ್ಬಳ್ಳಿಗೆ ಕಳಿಸಿದರು. ಅವಳು ಬದುಕಿ ಮನೆಗೆ ಮರಳಿದಾಗ ನೋಡಲು ಬರುವವರ ಸಾಲು ಹತ್ತಿತು. ತಸ್ಲೀಮ್ ಚಹಾ ಮಾಡಿ ಮಾಡಿ ಸುಸ್ತಾದಳು. ಹಾಲು ಸಾಲದೆ ಬಂದಾಗ ಅಲ್ಲಾವುದ್ದೀನ್ ತಾನೇ ಹೋಗಿ ತರುತ್ತಿದ್ದ. ದಾರಿಯಲ್ಲಿ ಸಿಕ್ಕ ಪ್ರತಿ ಅಂಗಡಿಯಲ್ಲೂ ನಿಂತು ಮಗ ತಾಯಿಯನ್ನು ಹೊಳೆಯ ಬಾಯಿಂದ ಕಿತ್ತು ತಂದ ಕತೆ ಹೇಳುತ್ತಿದ್ದ. ಕತೆ ಹೋದಲ್ಲೆಲ್ಲ ಬೆಳೆಯಿತು. ಗ್ಯಾರೇಜಿನವರು ಅಸ್ಲಂಗೆ ಹಾರ ಹಾಕಿದರು. ಅವನು ಅದನ್ನು ಕೊರಳಲ್ಲಿಟ್ಟುಕೊಂಡು ಮನೆಯವರೆಗೂ ಬರಲಿಲ್ಲ, ದಾರಿಯಲ್ಲೇ ಎಲ್ಲೋ ಬಿಸಾಕಿದ.

ಬಂದವರಿಗೆಲ್ಲ ಕುಲ್ಸುಮ್ ಒಂದೇ ಮಾತು ಹೇಳುತ್ತಿದ್ದಳು. ಗಂಟಲು ಒಡೆದು ಅವಳ ದನಿ ಗೊರಗೊರ ಆಗಿತ್ತು.

"ಏನೋ ನನ್ನ ಹೆಗಲ ಮೇಲೆ ಕೂತಿತ್ತಮ್ಮ. ನಾನು ಮೇಲೆ ಬಂದ ಹಾಗೆ ಒತ್ತೋದು. ಹೊಳೆಗೂ ಕೈ ಇರ್ತದೆ ಅಂತ ಅವತ್ತು ಗೊತ್ತಾಯ್ತು."

ಬಂದ ಹೆಂಗಸರು ಮೈ ಜುಮ್ಮೆಂದು ಸೆರಗು ಎಳೆದುಕೊಳ್ಳುತ್ತಿದ್ದರು. ಅಸ್ಲಂ ಅಲ್ಲಿದ್ದರೆ ಎದ್ದು ಹೊರಗೆ ಹೋಗುತ್ತಿದ್ದ.

ಅತ್ತೆಗೆ ಸ್ನಾನ ಮಾಡಿಸುವುದು ತಸ್ಲೀಮಳ ಕೆಲಸ. ಮೊದಲ ದಿನ ರವಿಕೆ ತೆಗೆದಾಗ ಅವಳು ಚೊಂಬು ಕೆಳಗಿಟ್ಟಳು. ಎರಡೂ ಹೆಗಲ ಮೇಲೆ ನೀಲಿಗಟ್ಟಿದ ಗುರುತು. ಮುಂದೆ ಹೆಬ್ಬೆರಳು, ಹಿಂದೆ ನಾಲ್ಕು ಬೆರಳು, ಬಿಡಿಸಿ ಬರೆದ ಹಾಗೆ. ಕುಲ್ಸುಮಳಿಗೆ ತನ್ನ ಹೆಗಲು ತನಗೆ ಕಾಣುವಂತಿರಲಿಲ್ಲ. ತಸ್ಲೀಮ್ ಅಲ್ಲಿಗೆ ಬಿಸಿನೀರು ಹುಯ್ಯಲಾರದೆ ಬೆನ್ನಿಗಷ್ಟೇ ಹುಯ್ದಳು. ನೀಲಿ ಹಸಿರಾಗಿ, ಹಸಿರು ಹಳದಿಯಾಗಿ ಮಾಸುವವರೆಗೂ ಅವಳು ದಿನವೂ ಆ ಕೈಗಳನ್ನು ನೋಡಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಈ ಮನೆಯಲ್ಲಿ ಏನು ಉಳಿಯುತ್ತದೆ ಎಂಬುದು ಅವಳಿಗೆ ತಿಳಿಯಲಿಲ್ಲ.

ಅಸ್ಲಂ ಬದಲಾಗಿದ್ದು ಅವಳಿಗೆ ಮಾತ್ರ ಕಾಣುತ್ತಿತ್ತು. ಬಚ್ಚಲಿನ ಬಾಗಿಲು ಹಾಕಿಕೊಳ್ಳದೆ ಸ್ನಾನ ಮಾಡುತ್ತಿದ್ದ. ತಲೆಗೆ ನೀರು ಹುಯ್ದುಕೊಳ್ಳುವಾಗ ಕಣ್ಣು ಮುಚ್ಚುತ್ತಿರಲಿಲ್ಲ. ಒಂದು ಶುಕ್ರವಾರ ಬಂಗಡೆ ಸಾರು ಬಡಿಸಿದರೆ ತಟ್ಟೆ ದೂಡಿದ. ಅಲ್ಲಾವುದ್ದೀನಿಗೆ ರೇಗಿತು. ಇದು ಅಂಕೋಲೆಯ ಸಮುದ್ರದ ಮೀನು, ನಿನ್ನ ಹೊಳೆಯದ್ದಲ್ಲ, ಹೆಂಗಸರು ಮಾಡಿದ ಅಡಿಗೆಗೆ ಮರ್ಯಾದೆ ಕೊಡು ಎಂದು ಬೈದ. ಅಸ್ಲಂ ಮೊಸರನ್ನ ಕಲಸಿಕೊಂಡ, ಅದನ್ನೂ ಅರ್ಧ ಬಿಟ್ಟ.

ಮನೆಯಲ್ಲಿ ಒಂದು ಸಿಟ್ಟಿತ್ತು, ಅದಕ್ಕೆ ಹೋಗಲು ಜಾಗ ಬೇಕಿತ್ತು. ಅದು ಮಂಜನ ಮೇಲೆ ಹೋಯಿತು. ದೋಣಿಯ ಹಲಗೆ ಲಡ್ಡಾಗಿತ್ತು, ಅಂಥದ್ದನ್ನು ಕೊಟ್ಟು ಕೊಲ್ಲಲು ನೋಡಿದ ಎಂದು ಅಲ್ಲಾವುದ್ದೀನ್ ಶುರುಮಾಡಿದ. ದೋಣಿಯೊಳಗೆ ನೀರು ಬರುತ್ತಿತ್ತಾ ಎಂದು ಮಗನನ್ನು ಕೇಳಿದ. ಅಸ್ಲಂ ಒಮ್ಮೆ "ಬಂದಿರಬೇಕು" ಎಂದ. ಮುಂದಿನ ಸಲ ಕೇಳಿದಾಗ "ಬಂತು" ಎಂದ.

ಅದೇ ದಿನಗಳಲ್ಲಿ ಸುಬ್ಬಿ ಬಂದಳು. ಒಂದು ಮೊಗೆಸೌತೆಕಾಯಿಯ ಜೊತೆಗೆ, ಹೊಳೆದಂಡೆಯಲ್ಲಿ ಬಿಟ್ಟುಬಂದಿದ್ದ ಟಿಫಿನ್ ಕ್ಯಾರಿಯರ್ ಬೆಳಗಿ ಒರೆಸಿ ತಂದಿದ್ದಳು. ಅಲ್ಲಾವುದ್ದೀನ್ ಅವಳನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, ಜಮಾತಿನ ಹಿರಿಯರನ್ನು ಕರೆದುಕೊಂಡು ನಾಳೆ ಸ್ಟೇಷನ್ನಿಗೆ ಹೋಗುತ್ತೇನೆ, ನಿನ್ನ ಮಗನ ದೋಣಿ ಹೊಳೆಗಿಳಿಯದ ಹಾಗೆ ಮಾಡಿಸುತ್ತೇನೆ ಎಂದ. ಸುಬ್ಬಿ ಎಲ್ಲ ಕೇಳಿಸಿಕೊಂಡಳು.

"ಬಂಡೆಗೆ ಸಿಕ್ಕಿದ್ದ ದೋಣಿ ಎಳೆದು ತಂದು ಅಲ್ಲೇ ಕಟ್ಟಿದೆ ಸಾಯ್ಬ್ರೇ, ಬಂದು ನೋಡಿ. ನಿಮ್ಮ ಮನೆಯವಳು ಉಳಿದ್ಲಲ್ಲ, ನಮಗೆ ಅಷ್ಟು ಸಾಕು," ಎಂದು ಕ್ಯಾರಿಯರ್ ಹೊಸ್ತಿಲಲ್ಲಿಟ್ಟು ಹೊರಟಳು. ತಸ್ಲೀಮ್ ಒಲೆಯ ಮೇಲಿಟ್ಟ ಚಹಾ ಹಾಗೇ ಉಕ್ಕಿತು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತರು. ಕುಲ್ಸುಮ್ ಮಂಚದ ಮೇಲೆ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದಳು. ಸ್ಟೇಷನ್ನಿನಲ್ಲಿ ಯಾರು ಏನು ಹೇಳಬೇಕೆಂದು ಅಲ್ಲಾವುದ್ದೀನ್ ಹೇಳಿಕೊಡುತ್ತಿದ್ದ.

"ದೋಣಿಯೊಳಗೆ ನೀರು ಬಂತು ಅಂತ ನೀನು ಸರಿಯಾಗಿ ಹೇಳಬೇಕು."

ಅಸ್ಲಂ ಅನ್ನ ಹಿಸುಕುತ್ತ ಹೂಂಗುಟ್ಟಿದ.

"ನೀರು ಬರಲಿಲ್ಲ ಅಬ್ಬಾ," ಎಂದಳು ತಸ್ಲೀಮ್. ಅವಳ ಕೈಯಲ್ಲಿ ಸೌಟಿತ್ತು.

"ನಿನಗೇನು ಗೊತ್ತು. ಹೆದರಿ ಕಣ್ಣು ಮುಚ್ಚಿರ್ತೀಯ."

"ಮುಚ್ಚಿರಲಿಲ್ಲ. ಇವರು ಎದ್ದು ನಿಂತರು, ದೋಣಿ ಮಗುಚಿತು. ಅಮ್ಮಿಯನ್ನ ಎಳೆದದ್ದು ಮಂಜ."

ಕುಲ್ಸುಮ್ ಗಂಜಿಯ ಬಟ್ಟಲು ಕೆಳಗಿಟ್ಟಳು. "ನನ್ನ ಮಗ ಇಲ್ಲದಿದ್ರೆ ನಾನು ಇವತ್ತು ಮಣ್ಣಲ್ಲಿರ್ತಿದ್ದೆ. ಗಂಡನ ಹೆಸರು ಕೆಡಿಸೋಕೆ ನಿನಗೆ ನಾಚಿಕೆ ಆಗೋದಿಲ್ವಾ?"

ತಸ್ಲೀಮ್ ಅತ್ತೆಯ ಮುಖ ನೋಡಿದಳು. ಆಡಬಾರದೆಂದು ಹಲ್ಲು ಕಚ್ಚಿ ಹಿಡಿದಿದ್ದ ಮಾತು ತಾನಾಗಿ ಹೊರಬಂತು. "ಅಮ್ಮಿ, ನಿಮ್ಮ ಹೆಗಲ ಮೇಲೆ ಕೂತದ್ದು ಹೊಳೆಯಲ್ಲ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕುಲ್ಸುಮ್ ಒಡಕು ದನಿಯಲ್ಲೇ, ಬಾಯಿ ತೊಳೆದುಕೊಂಡು ಬಾ, ಇಲ್ಲವಾದರೆ ತವರಿಗೆ ನಡೆ ಎಂದಳು. ಅಲ್ಲಾವುದ್ದೀನ್ ಎಂಜಲು ಕೈ ಎತ್ತಿಕೊಂಡು ಎದ್ದೇ ಬಿಟ್ಟ. ಎಂದೂ ಸೊಸೆಗೆ ಏರುದನಿಯಲ್ಲಿ ಮಾತಾಡದ ಮನುಷ್ಯ.

"ಅವಳನ್ನ ಬಿಡು ಅಬ್ಬಾ," ಎಂದ ಅಸ್ಲಂ. ಅವನು ತಲೆಯೆತ್ತಿರಲಿಲ್ಲ. "ನಾನೇ."

"ಏನು ನೀನೇ?"

"ಅಮ್ಮಿ ಮೇಲೆ ಹತ್ತಿದ್ದು ನಾನೇ."

"ನೀರಲ್ಲಿ ಯಾರು ಏನು ಅಂತ ಕಾಣ್ತದಾ? ಗೊತ್ತಾಗದೆ ಆಗಿರಬೇಕು," ಎಂದ ಅಲ್ಲಾವುದ್ದೀನ್. ಅವನ ದನಿ ಬೇಡಿಕೊಳ್ಳುವ ಹಾಗಿತ್ತು.

"ಗೊತ್ತಿತ್ತು. ಅಮ್ಮಿಯ ಬಳೆ ಕಂಡಿತು. ಗೊತ್ತಿದ್ದೇ ಒತ್ತಿದೆ. ಒದ್ದೆ. ಕೈಕಾಲು ನನ್ನ ಮಾತು ಕೇಳಲಿಲ್ಲ."

ಅಲ್ಲಾವುದ್ದೀನ್ ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತ. ಆಮೇಲೆ ತೊಳೆಯದ ಕೈಯಲ್ಲೇ ಅಂಗಡಿಗೆ ಹೋಗಿಬಿಟ್ಟ. ಕುಲ್ಸುಮ್ ಅಳಲಿಲ್ಲ. ಸೆರಗನ್ನು ಎರಡೂ ಹೆಗಲ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಸ್ಟೇಷನ್ನಿನ ಮಾತು ಅಲ್ಲಿಗೆ ನಿಂತಿತು. ಅಲ್ಲಾವುದ್ದೀನ್ ತಾನು ಕತೆ ಹೇಳಿದ್ದ ಅಂಗಡಿಗಳಿಗೆಲ್ಲ ಮತ್ತೆ ಹೋಗಿ, ಎಳೆದು ಉಳಿಸಿದ್ದು ಮಂಜ, ನನಗೆ ತಪ್ಪು ತಿಳಿದಿತ್ತು ಎಂದು ಹೇಳಿ ಬಂದ. ಉಳಿದದ್ದನ್ನು ಹೇಳುವುದು ಅವನಿಂದ ಆಗಲಿಲ್ಲ. ಮನೆಯಲ್ಲಿ ಅಡಿಗೆ ನಡೆಯುತ್ತಿತ್ತು, ಬಟ್ಟೆ ಒಣಗುತ್ತಿತ್ತು, ಅಸ್ಲಂ ಲಾರಿಗೆ ಹೋಗಿ ಬರುತ್ತಿದ್ದ. ಆದರೆ ಕುಲ್ಸುಮ್ ಮಗನೊಡನೆ ಮಾತು ಬಿಟ್ಟಳು. ಬೈಗುಳವೂ ಇಲ್ಲ. ಅವನು ಚಹಾ ಕೊಟ್ಟರೆ ಲೋಟ ಕೆಳಗಿಡುವವರೆಗೆ ಕಾದು ಆಮೇಲೆ ಎತ್ತಿಕೊಳ್ಳುತ್ತಿದ್ದಳು. ಅವನು ಹಿಂದಿನಿಂದ ಹಾದುಹೋದರೆ ಅವಳ ಕತ್ತು ತಾನಾಗಿ ಕುಗ್ಗುತ್ತಿತ್ತು. ಬೇಕೆಂದು ಮಾಡುವುದಲ್ಲ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ಅದನ್ನು ಕಂಡ ದಿನ ಅಸ್ಲಂ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟ.

ತಸ್ಲೀಮ್ ಬಕೆಟ್ಟು ತೆಗೆದುಕೊಂಡು ಅಲ್ಲಿಗೆ ಹೋದಳು.

"ನೀನು ಅವತ್ತೇ ಹೇಳಬೇಕಿತ್ತು," ಎಂದ ಅವನು.

"ನೀವು ಹೇಳ್ತೀರಿ ಅಂತ ಕಾದೆ."

ಅವಳು ನೆನೆಸಿದ ಬಟ್ಟೆ ಹಿಂಡಿದಳು. ದಿನಾ ಕೇಳಬೇಕೆಂದು ಬಾಯಿಗೆ ಬಂದು ಹಿಂದೆ ಹೋಗುತ್ತಿದ್ದ ಮಾತು ಒಂದಿತ್ತು. "ಅಲ್ಲಿ ಅಮ್ಮಿಯ ಬದಲು ನಾನಿದ್ದಿದ್ರೆ?"

ಅಸ್ಲಂ ಕಲ್ಲಿನಿಂದ ಎದ್ದು ಅವಳಿಗೆ ಜಾಗ ಬಿಟ್ಟ. "ನಿನ್ನನ್ನೂ," ಎಂದ.

ಇಲ್ಲ ಎನ್ನುತ್ತಾನೆಂದು ಅವಳು ನಂಬಿರಲಿಲ್ಲ, ಆದರೂ ಕೇಳುವವರೆಗೆ ಎಲ್ಲೋ ಆಸೆ ಇತ್ತು. ಅವನು ಸುಳ್ಳು ಹೇಳಲಿಲ್ಲವಲ್ಲ ಎಂಬುದನ್ನು ಹಿಡಿದುಕೊಂಡು ಅವಳು ಉಳಿದ ಬಟ್ಟೆ ಒಗೆದಳು. ಅವನು ಬಾವಿಯಿಂದ ನೀರು ಸೇದಿಕೊಟ್ಟ.

ಮಳೆಗಾಲ ಪೂರ್ತಿ ಹಿಂದೆ ಬಿದ್ದು ಬೆಳಗಿನ ಚಳಿ ಶುರುವಾದಾಗ ಕುಲ್ಸುಮಳಿಗೆ ನಡೆದಾಡುವ ಶಕ್ತಿ ಬಂತು. ಒಂದು ಬೆಳಿಗ್ಗೆ ಅವಳು ಶ್ಯಾವಿಗೆ ಪಾಯಸ ಮಾಡಿಸಿ ಡಬ್ಬಿಗೆ ಹಾಕಿಸಿದಳು. ಅಸ್ಲಂ ಅಲ್ಲೇ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಆದರೂ ಸೊಸೆಗೆ ಹೇಳಿದಳು: "ಗಾಡಿ ತೆಗೆಯೋಕೆ ಹೇಳು. ಮಂಜನ ಮನೆಗೆ ಹೋಗಬೇಕು."

ಅಸ್ಲಂ ಬೂಟು ಬಿಚ್ಚಿ ಚಪ್ಪಲಿ ಮೆಟ್ಟಿ ಎದ್ದ. ಈ ಸಲ ಅಲ್ಲಾವುದ್ದೀನ್ ಕೂಡ ಅಂಗಡಿ ಮುಚ್ಚಿ ಬಂದ. ಸುಬ್ಬಿಯ ಜಗಲಿಯಲ್ಲಿ ಅವನು ಕೂರಲೇ ಇಲ್ಲ. ಅವತ್ತು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿದೆ, ತಪ್ಪಾಯಿತು ಎಂದು ನಿಂತೇ ಹೇಳಿದ. ಸುಬ್ಬಿ ಅದಕ್ಕೆ ಉತ್ತರ ಕೊಡುವ ಬದಲು ಕಂಬಳಿ ಹಾಸಿ, ಕೂತ್ಕಳಿ ಎಂದಳು. ಕುಲ್ಸುಮ್ ಮಂಜನ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಮಂಜ ನಾಚಿ ಕೈ ಬಿಡಿಸಿಕೊಂಡು ದಂಡೆಯ ಕಡೆ ನಡೆದ. ಅಸ್ಲಂ ಅವನ ಹಿಂದೆ ಹೋದ. ಹೆಂಗಸರು ಮೆಲ್ಲಗೆ ಇಳಿದು ನೆರಳಿಗೆ ಕೂತರು.

ಹೊಳೆ ಅವತ್ತು ತಿಳಿಯಾಗಿ, ಏನೂ ಮಾಡದವರ ಹಾಗೆ ಹರಿಯುತ್ತಿತ್ತು. ಯಾವ ದಿನ ದೋಣಿ ಇಳಿಸಬಹುದು ಎಂದು ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಅಸ್ಲಂ ಕೇಳಿದ. ಮಂಜ ಬಗ್ಗಿ ದೋಣಿಯ ಹಗ್ಗ ಬಿಗಿದ.

"ಗೊತ್ತಾಗೂದಿಲ್ಲ. ನಾನೂ ಎರಡು ಸಲ ಮಗುಚಿಕೊಂಡಿದ್ದೆ. ಈಗ ಹೆದರಿಕೆ ಆದ ದಿನ ಇಳಿಯೂದಿಲ್ಲ, ಗದ್ದೆ ಹಾಳಾದ್ರೆ ಹಾಳಾಗ್ಲಿ. ಅಷ್ಟೇ."

ಅಸ್ಲಂ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ನೀರಿಗಿಳಿದ. ಮೊಣಕಾಲಿಗೆ ಬಂದಾಗ ನಿಂತ. ಮುಂದೆ ಹೆಜ್ಜೆ ಇಡಲಿಲ್ಲ. ನೀರು ಎಳೆದಾಗಲೆಲ್ಲ ಅವನು ಬೆರಳೂರಿ ನಿಲ್ಲುತ್ತಿದ್ದ. ನೋಡುತ್ತಿದ್ದ ಅಲ್ಲಾವುದ್ದೀನ್ ಮುಖ ತಿರುಗಿಸಿಕೊಂಡ.

ಆಗಲೇ ಮನೆಯ ಮುಂದೆ ಒಂದು ಕಾರು ನಿಂತಿತು. ನಾಲ್ಕಾರು ಜನ ಹುಡುಗರು ಮೊಬೈಲು ಹಿಡಿದು ಗಲಾಟೆ ಮಾಡುತ್ತ ಇಳಿದು ಬಂದರು. ಮಾಗೋಡು ನೋಡಿ ಬಂದವರು. ದೋಣಿ ಕಂಡು, ಒಂದು ಸುತ್ತು ಹೋಗಿ ಬರುತ್ತೇವೆ, ನಮಗೆಲ್ಲ ಈಜು ಬರುತ್ತದೆ ಎಂದು ಮಂಜನ ದುಂಬಾಲು ಬಿದ್ದರು. ಮಂಜ ಆಗುವುದಿಲ್ಲ ಎಂದ. ಅವರು ನಗುತ್ತ ಹಗ್ಗಕ್ಕೆ ಕೈ ಹಾಕಿದರು.

"ಅದನ್ನ ಬಿಡಿ," ಎಂದ ಅಸ್ಲಂ ನೀರಿನಲ್ಲಿ ನಿಂತೇ. ಅವನ ದನಿ ಜೋರಿರಲಿಲ್ಲ, ಆದರೂ ಅವರು ತಿರುಗಿದರು. "ನನಗೂ ಈಜು ಬರ್ತಿತ್ತು. ಊರ ಕೆರೆಯಲ್ಲಿ ಕಲಿತದ್ದು. ಇಲ್ಲೇ ಮಗುಚಿದೆ. ಅಗೋ, ಅಲ್ಲಿ ಕೂತವಳು ನನ್ನ ತಾಯಿ. ನಾನು ಉಳಿಯೋಕೆ ಅವಳ ಹೆಗಲು ತುಳಿದು ಮುಳುಗಿಸಿದೆ. ಗೊತ್ತಿದ್ದೇ ಮಾಡಿದೆ. ನೀವು ಯಾರನ್ನ ತುಳೀತೀರಿ ಅಂತ ನಿಮಗೆ ಗೊತ್ತಿಲ್ಲ. ಒಳಗೆ ಬೀಳೋವರೆಗೆ ಗೊತ್ತಾಗೋದೂ ಇಲ್ಲ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಗ್ಗ ಹಿಡಿದಿದ್ದವನು ಅದನ್ನು ಬಿಟ್ಟ. ಅವರಲ್ಲೊಬ್ಬ ಕುಲ್ಸುಮಳ ಕಡೆ ನೋಡಿ, ಏನೋ ತಪ್ಪು ಮಾಡಿದವನ ಹಾಗೆ ಕಣ್ಣು ಕೆಳಗಿಳಿಸಿದ. ಸದ್ದಿಲ್ಲದೆ ಮೇಲೆ ಹೋದರು. ಕಾರು ಹೊರಟ ಸದ್ದು ಕೇಳಿತು.

ಅಸ್ಲಂ ಅಲ್ಲೇ ನಿಂತಿದ್ದ, ದಂಡೆಗೆ ಬೆನ್ನು ಹಾಕಿ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಅವನು ಅಳುತ್ತಿದ್ದಾನೋ ಇಲ್ಲವೋ ಯಾರಿಗೂ ಕಾಣಲಿಲ್ಲ. ತಸ್ಲೀಮ್ ಅತ್ತೆಯ ಕಡೆ ನೋಡಿದಳು. ಕುಲ್ಸುಮಳ ಬಾಯಿ ಅರ್ಧ ತೆರೆದಿತ್ತು. ಮಗ ಅಪರಿಚಿತರ ಮುಂದೆ ಆಡಿದ್ದನ್ನು ಅವಳಿನ್ನೂ ನುಂಗುತ್ತಿದ್ದಳು. ಆಮೇಲೆ ಮಂಡಿ ಹಿಡಿದು ಎದ್ದಳು. ತಸ್ಲೀಮ್ ಆಸರೆ ಕೊಡಲು ಹೋದರೆ ಬೇಡವೆಂದಳು. ಒಬ್ಬಳೇ ಕಲ್ಲು ಬಳಸಿಕೊಂಡು ನೀರಿನ ಅಂಚಿಗೆ ಹೋದಳು, ಪಾದ ತೋಯದಷ್ಟು ದೂರದಲ್ಲಿ ನಿಂತಳು.

"ಅಸ್ಲಂ," ಎಂದಳು. "ಸಾಕು. ನೀರಿಂದ ಮೇಲೆ ಬಾ."